ಹಿಮದ ನಾಡಿನ ಸುರಂಗ, ಜಂಬಿಟ್ಟಿಗೆಯ ಬೀದರ್

ಔರಾದ್ ಮತ್ತು ಭಾಲ್ಕಿ ತಾಲ್ಲೂಕಿನ ಸಾಯಗಾಂವ ಸುತ್ತಿನ ಬಯಲು ಮಾಂಜ್ರಾ ನದಿಯ ಸೀಮೆಗೆ ಸೇರಿದ ಎರೆ ನೆಲವಾದರೆ, ಬೀದರ್ ನಗರವು ಆ ಬಯಲಿಗಿಂತ ಎತ್ತರವಾದ, ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಕೆಂಪು ಪ್ರಸ್ಥಭೂಮಿಯ ಅಂಚಿನಲ್ಲಿ ನಿಂತಿದೆ. ಚಳಿಗಾಲದಲ್ಲಿ ಕರ್ನಾಟಕದ ಅತಿ ಕಡಿಮೆ ಉಷ್ಣಾಂಶ ಆಗಾಗ ದಾಖಲಾಗುವುದು ಇಲ್ಲಿಯೇ. ಕಡಲಿನಿಂದ ದೂರವಿರುವ ಈ ಒಣಗಾಳಿಯ ಸೀಮೆಯಲ್ಲಿ ಮೋಡವಿಲ್ಲದ ರಾತ್ರಿ ನೆಲದ ಕಾವು ತಡೆಯಿಲ್ಲದೆ ಆಕಾಶಕ್ಕೆ ಹೋಗಿಬಿಡುತ್ತದೆ. ಆದರೂ ಹಿಮ ಬೀಳುವಷ್ಟು ಎತ್ತರವೂ ಇಲ್ಲ, ಚಳಿಯೂ ಇಲ್ಲ. ಹೀಗಿದ್ದೂ ಹಿಮದ ಬೆಟ್ಟಗಳ ತಪ್ಪಲಿನಲ್ಲಿ ಬೆಳೆದ ಒಂದು ನೀರಿನ ವಿದ್ಯೆ ಬಹಮನಿ ಸುಲ್ತಾನರ ಕಾಲದಲ್ಲಿ ಈ ಗುಡ್ಡಕ್ಕೆ ಬಂದು ನೆಲೆಯೂರಿತು. ಅದಕ್ಕೆ ದೊರೆಗಳ ಇಚ್ಛೆಯಷ್ಟೇ ನೆಲದ ಗುಣವೂ ಕಾರಣವಾಗಿತ್ತೆಂಬುದು ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾದ ಸಂಗತಿ.

ಆ ವಿದ್ಯೆಯ ಹೆಸರು ಕರೇಜ್. ಇರಾನಿನಲ್ಲಿ ಅದನ್ನು ಕನಾತ್ ಎಂದೂ ಕರೆಯುತ್ತಾರೆ. ಬೀದರಿನ ಜನರ ಬಾಯಲ್ಲಿ ಅದು ಸುರಂಗ ಬಾವಿ. ಇರಾನಿನ ಬಹುಭಾಗದಲ್ಲಿ ಮಳೆ ತೀರ ಕಡಿಮೆ. ಆದರೆ ಅಲ್ಬೋರ್ಜ್ ಹಾಗೂ ಜಾಗ್ರೋಸ್ ಬೆಟ್ಟಗಳ ಮೇಲೆ ಚಳಿಗಾಲದಲ್ಲಿ ದಟ್ಟವಾಗಿ ಹಿಮ ಬೀಳುತ್ತದೆ. ಇಂದು ಟೆಹರಾನಿನ ಜನ ಸ್ಕೀ ಹಲಗೆ ಕಟ್ಟಿಕೊಂಡು ಜಾರುವ ದಿಜಿನ್ ಇಳಿಜಾರು ಇರುವುದೂ ಅಲ್ಬೋರ್ಜ್ ಬೆಟ್ಟಸಾಲಿನಲ್ಲಿಯೇ. ಮಳೆ ಬಿದ್ದೊಡನೆ ಹರಿದುಹೋದರೆ, ಹಿಮ ಬಿದ್ದಲ್ಲಿಯೇ ತಿಂಗಳುಗಟ್ಟಲೆ ಉಳಿದು, ವಸಂತದಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿ, ತಪ್ಪಲಿನ ಮರಳು-ಜಲ್ಲಿಯ ನೆಲಕ್ಕೆ ಇಂಗುತ್ತದೆ. ಹೀಗೆ ಇಂಗಿದ ನೀರನ್ನು ಬೆಟ್ಟದ ಬುಡದಲ್ಲಿ ತೋಡಿದ ತಾಯಿಬಾವಿಯೊಂದರಿಂದ ಹಿಡಿದು, ಅಲ್ಪ ಇಳಿಜಾರಿನ ನೆಲದಡಿಯ ಕಾಲುವೆಯಲ್ಲಿ ಯಾವ ಯಂತ್ರದ, ಎತ್ತಿನ ನೆರವೂ ಇಲ್ಲದೆ ಊರಿಗೆ ಹರಿಸುವುದೇ ಕರೇಜಿನ ತತ್ತ್ವ. 2016ರಲ್ಲಿ ಯುನೆಸ್ಕೊ ಇಂಥ 11 ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಕೆರ್ಮಾನ್ ಪ್ರಾಂತದ ಜೂಪಾರ್‌ನದೂ ಒಂದು.

ಕೆರ್ಮಾನ್ ಎಂಬ ಹೆಸರು ಬೀದರಿಗೆ ಹೊಸದಲ್ಲ. 1422ರಿಂದ 1436ರವರೆಗೆ ಆಳಿದ ಅಹಮದ್ ಷಾ ವಲೀ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು. ಅವನು ಗುರುವೆಂದು ನಂಬಿದ್ದ ಸೂಫಿ ಸಂತ ಷಾ ನಿಯಾಮತುಲ್ಲಾ ವಲೀ ವಾಸವಾಗಿದ್ದುದು ಕೆರ್ಮಾನ್ ಬಳಿಯ ಮಾಹಾನ್‌ನಲ್ಲಿ, 4,000 ಮೀಟರ್ ಮೀರಿದ ಜೂಪಾರ್ ಬೆಟ್ಟಗಳ ನೆರಳಿನ, ಕನಾತ್ ನೀರನ್ನೇ ನಂಬಿದ ಊರಿನಲ್ಲಿ. 1431ರಲ್ಲಿ ತೀರಿಕೊಂಡ ಸಂತನ ಸಮಾಧಿಯ ಮೇಲೆ ಮಾಹಾನ್‌ನಲ್ಲಿ ಮೊದಲ ಕಟ್ಟಡ ಎದ್ದದ್ದು ಈ ಬಹಮನಿ ಸುಲ್ತಾನನ ಹಣದಿಂದ. ಸಂತನ ಮೊಮ್ಮಗ ನೂರುಲ್ಲಾ ಮೊದಲೇ ಬೀದರಿಗೆ ಬಂದಿದ್ದ. ಬಳಿಕ ಮಗ ಖಲೀಲುಲ್ಲಾ ಕೂಡ ಬಂದ. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಅವನ ಸಮಾಧಿಯೇ. ಮುಂದೆ ಅಲ್ಬೋರ್ಜ್‌ನ ಉತ್ತರ ಮಗ್ಗುಲಿನ ಗೀಲಾನ್ ಸೀಮೆಯಿಂದ ಬಂದ ಮಹಮೂದ್ ಗಾವಾನ್ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ. ಇಷ್ಟು ಜನ ಇರಾನಿನಿಂದ ಬಂದು ನೆಲೆಸಿದ ಊರಿಗೆ ಅಲ್ಲಿಯ ನೀರಿನ ವಿದ್ಯೆಯೂ ಬಂದುದರಲ್ಲಿ ಆಶ್ಚರ್ಯವಿಲ್ಲ. ಹಿಮವಿಲ್ಲದ ಗುಡ್ಡದಲ್ಲಿ ಅದು ಫಲಿಸಿದ್ದು ನಿಜವಾದ ಆಶ್ಚರ್ಯ.

ಉತ್ತರ ಇರುವುದು ಜಂಬಿಟ್ಟಿಗೆಯಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಉದ್ದಗಲಕ್ಕೂ ಹರಿದು ಹೆಪ್ಪುಗಟ್ಟಿದ ಲಾವಾ, ಕರಿಕಲ್ಲಾಗಿ, ಆಮೇಲೆ ಬಿಸಿಲು-ಮಳೆಗಳಿಗೆ ಯುಗಗಟ್ಟಲೆ ಸಿಕ್ಕಿ, ಕರಗಬಲ್ಲ ಅಂಶಗಳನ್ನೆಲ್ಲ ಕಳೆದುಕೊಂಡಾಗ ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ, ತೂತು ತೂತಾದ ಕೆಂಪು ಕಲ್ಲು ಉಳಿಯಿತು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಮಲಬಾರಿನ ಅಂಗಾಡಿಪುರದ ಇದೇ ಬಗೆಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಬೀದರಿನಲ್ಲಿ ಈ ಪದರ ಕೆಲವೆಡೆ 30 ಮೀಟರಿನಷ್ಟು ದಪ್ಪವಿದ್ದು, ಅದರ ಕೆಳಗೆ ನೀರು ಬಿಡದ ಜೇಡಿಯ ಪದರವೂ, ಅದರ ಕೆಳಗೆ ಗಟ್ಟಿ ಕರಿಕಲ್ಲೂ ಇವೆ. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಬೀಳುವ ಮಳೆಯ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಅದರಲ್ಲಿ ಒಂದು ಭಾಗ ಕೆಂಪು ಕಲ್ಲಿನ ರಂಧ್ರಗಳಲ್ಲಿ ಇಳಿದು, ಜೇಡಿಯ ಮೇಲೆ ನಿಂತು, ನಿಧಾನವಾಗಿ ಪ್ರಸ್ಥಭೂಮಿಯ ಅಂಚಿನತ್ತ ಸರಿಯುತ್ತದೆ. ಕೆರ್ಮಾನಿನಲ್ಲಿ ಹಿಮ ಮಾಡುವ ಕೆಲಸವನ್ನು, ಎಂದರೆ ಒಂದು ಋತುವಿನ ನೀರನ್ನು ಮತ್ತೊಂದು ಋತುವಿಗೆ ಉಳಿಸುವ ಕೆಲಸವನ್ನು, ಇಲ್ಲಿ ಕಲ್ಲು ಮಾಡುತ್ತದೆ. ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಸೊಂಟಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುವುದೂ, ಗುರು ನಾನಕರ ಹೆಸರಿನ ಝೀರಾ ಬತ್ತದೆ ಹರಿಯುವುದೂ, ಪಾಪನಾಶದ ಸೆಲೆಯೂ ಈ ನೀರಿನ ಫಲವೇ.

ಕೆಲಸದ ರೀತಿಯಲ್ಲಿಯೂ ಕಲ್ಲು ನೆರವಾಯಿತು. ಕರೇಜ್ ತೋಡುವವರು ನೀರು ಹೊರಬರುವ ಬಾಯಿಯಿಂದ ಆರಂಭಿಸಿ ತಾಯಿಬಾವಿಯತ್ತ ಸಾಗುತ್ತಿದ್ದರು. ಬೆನ್ನ ಹಿಂದೆ ಸಾಲಾಗಿ ಇಟ್ಟ ಎರಡು ಎಣ್ಣೆದೀಪಗಳನ್ನು ನೋಡಿಕೊಂಡರೆ ಸುರಂಗ ನೇರವಾಗಿದೆಯೇ ಎಂಬುದು ತಿಳಿಯುತ್ತಿತ್ತು. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಎಂದರ್ಥ. ಅಲ್ಲಲ್ಲಿ ನೆಟ್ಟಗೆ ಇಳಿಸಿದ ಬಾವಿಗಳಿಂದ ಗಾಳಿ ಒಳಗೆ ಬರುತ್ತಿತ್ತು, ಮಣ್ಣು ಹೊರಗೆ ಹೋಗುತ್ತಿತ್ತು. ಇರಾನಿನ ಸಡಿಲ ನೆಲದಲ್ಲಿ ಸುರಂಗ ಕುಸಿಯದಂತೆ ಸುಟ್ಟ ಮಣ್ಣಿನ ಬಳೆಗಳನ್ನು ಒಳಗೆ ಕೂರಿಸಬೇಕಾಗುತ್ತಿತ್ತು. ಜಂಬಿಟ್ಟಿಗೆಯಾದರೋ ನೆಲದೊಳಗೆ ಹಸಿಯಾಗಿದ್ದಾಗ ಗುದ್ದಲಿ-ಹಾರೆಗಳಿಗೆ ಬಗ್ಗುತ್ತದೆ, ಗಾಳಿ ತಾಗಿದ ಮೇಲೆ ಬಿಗಿದುಕೊಳ್ಳುತ್ತದೆ. ಆದ್ದರಿಂದ ತೋಡಿದ ಸುರಂಗಕ್ಕೆ ಅದೇ ಗೋಡೆ, ಅದೇ ಚಾವಣಿ. ಬೀದರ್ ಕೋಟೆಯ ಸುತ್ತಲಿನ ಮೂರು ಸಾಲಿನ ಕಂದಕವನ್ನು ಕಲ್ಲಿನಲ್ಲಿಯೇ ಕಡಿಯಲು ಸಾಧ್ಯವಾದದ್ದೂ ಈ ಗುಣದಿಂದ.

ಇದೇ ಗುಣವನ್ನು ಅರಿತ ಇನ್ನೊಂದು ಪರಂಪರೆ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೃಷಿಕರದು. ಅವರು ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ, ಗುಡ್ಡಗಳಿಗೆ ಅಡ್ಡಲಾಗಿ ಕೊರೆದ ಸುರಂಗಗಳ ನೀರಿನಿಂದ ಅಡಕೆ ತೋಟಗಳನ್ನು ಬೆಳೆಸಿದರು. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹೀಗೆ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಸಂದಿತು. ಅಲ್ಲಿಯದು ಒಂದು ಮನೆತನದ ದುಡಿಮೆ, ಬೀದರಿನದು ರಾಜಧಾನಿಯೊಂದರ ಯೋಜನೆ.

ಬೀದರಿನಲ್ಲಿ ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಮೂರು ಕರೇಜ್‌ಗಳು ಗುರುತಾಗಿವೆ. ನೌಬಾದಿನದು 2 ಕಿಲೋಮೀಟರಿಗೂ ಉದ್ದ, ಅದರ ಬಾವಿಗಳು 20ಕ್ಕೂ ಹೆಚ್ಚು. ನಲ್ಲಿ ಮತ್ತು ಕೊಳವೆಬಾವಿ ಬಂದ ಮೇಲೆ ಈ ಬಾವಿಗಳಲ್ಲಿ ಹಲವು ಹೂಳು, ಕಸಗಳಿಂದ ಮುಚ್ಚಿಹೋಗಿದ್ದವು. ಕೇರಳದ ಭೂಗೋಳಜ್ಞ ವಿ. ಗೋವಿಂದನ್‌ಕುಟ್ಟಿ ಅವರ ಸಮೀಕ್ಷೆಯಿಂದ ಸುರಂಗದ ಜಾಡು ನಕ್ಷೆಗೆ ಬಂತು. 2014ರಲ್ಲಿ ವಿಶ್ವ ಸ್ಮಾರಕ ನಿಧಿಯು ಬೀದರನ್ನು ತನ್ನ ಕಾಳಜಿಯ ತಾಣಗಳ ಪಟ್ಟಿಗೆ ಸೇರಿಸಿದ ಸುಮಾರಿಗೆ ಊರಿನ ಗಮನ ಇತ್ತ ತಿರುಗಿ, ನೌಬಾದಿನ ಹೂಳೆತ್ತುವ ಕೆಲಸ ನಡೆಯಿತು. ಆದರೆ ಸುರಂಗವನ್ನಷ್ಟೇ ಚೊಕ್ಕಟ ಮಾಡಿದರೆ ನೀರು ಬರುವುದಿಲ್ಲ. ಅದಕ್ಕೆ ನೀರು ಕೊಡುವುದು ಮೇಲಿನ ಬಯಲು. ಅಲ್ಲಿ ಬಡಾವಣೆ ಎದ್ದು ಜಂಬಿಟ್ಟಿಗೆಯ ಮೇಲೆ ಕಾಂಕ್ರೀಟು ಬಿದ್ದಷ್ಟೂ ಮಳೆ ಇಂಗದೆ ಚರಂಡಿಗೆ ಹರಿಯುತ್ತದೆ, ಕೊಳವೆಬಾವಿಗಳು ಇಂಗಿದ್ದನ್ನೂ ಆಳದಿಂದ ಎಳೆದುಕೊಳ್ಳುತ್ತವೆ. ಸ್ಮಾರಕವೆಂದು ಕಾಯಬೇಕಾದದ್ದು ತಾಯಿಬಾವಿಯ ಸುತ್ತಲಿನ ಆ ಕೆಂಪು ನೆಲವನ್ನೂ ಒಳಗೊಂಡಿದೆ.