ಮುಳುಗುಗಾರನ ಕಲ್ಲು, ಮುತ್ತಿನ ಬಿಗಿ

ಬಹ್ರೇನಿನ ಮುತ್ತಿನ ಮುಳುಗುಗಾರ ಭಾರದ ಕಲ್ಲು ಕಟ್ಟಿದ ಹಗ್ಗಕ್ಕೆ ಕಾಲು ಸಿಕ್ಕಿಸಿ, ಮೂಗಿಗೆ ಕ್ಲಿಪ್ ಹಾಕಿ, ಉಸಿರು ಬಿಗಿಹಿಡಿದು ಕಡಲ ತಳಕ್ಕಿಳಿಯುತ್ತಿದ್ದ. ಅವನನ್ನು ಇಳಿಸುತ್ತಿದ್ದದ್ದು ಗುರುತ್ವ. ಹಗ್ಗ ಜಗ್ಗಿ ಮೇಲೆತ್ತುತ್ತಿದ್ದವನು ದೋಣಿಯಲ್ಲಿದ್ದ ಜೊತೆಗಾರ.

ಆ ಕಲ್ಲನ್ನು ಎಳೆಯಲು ಇಡೀ ಭೂಮಿಯೇ ಬೇಕು. ಅವನು ತಂದ ಮುತ್ತಿನೊಳಗಿನ ಕತೆಯೇ ಬೇರೆ. ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳುಪದರಗಳ ಅಯಾನುಗಳನ್ನು ಹಿಡಿದಿಟ್ಟಿರುವುದು ವಿದ್ಯುತ್ ಬಲ. ಎಲೆಕ್ಟ್ರಾನ್ ಮತ್ತು ಪ್ರೋಟಾನ್ ನಡುವೆ ಅದು ಗುರುತ್ವಕ್ಕಿಂತ ಎಷ್ಟು ಪಟ್ಟು ಬಲಶಾಲಿ? ಹೆಚ್ಚುಕಡಿಮೆ 2ರ ಮುಂದೆ 39 ಸೊನ್ನೆ ಇಟ್ಟಷ್ಟು! ಧನ, ಋಣ ಆವೇಶಗಳು ಒಂದನ್ನೊಂದು ಸರಿದೂಗಿಸುವುದರಿಂದಲೇ ದೊಡ್ಡ ವಸ್ತುಗಳಲ್ಲಿ ಗುರುತ್ವದ ಕೈ ಮೇಲಾಗುತ್ತದೆ.

1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತುಗಳು ಮುಳುಗಿ ಮುತ್ತು ತೆಗೆಯುವ ಈ ಕಸುಬಿಗೆ ಪೆಟ್ಟು ಕೊಟ್ಟವು; 1932ರಲ್ಲಿ ಬಹ್ರೇನಿನಲ್ಲಿ ತೈಲ ಸಿಕ್ಕಿತು. ಅಲ್ಲಿನ ಮುಹರಕ್‌ನ ಮುತ್ತಿನ ವ್ಯಾಪಾರಿಗಳ ಮನೆಗಳೂ ಕಡಲಿನ ಸಿಂಪಿ ನೆಲೆಗಳೂ 2012ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.