ಎಂಗೆಲ್, ಜಾರ್ಜ್

1913-1999. ರೋಗಿಯನ್ನು ಇಡೀ ಮನುಷ್ಯನಾಗಿ ಕಾಣುವ ಜೈವಿಕ-ಮಾನಸಿಕ-ಸಾಮಾಜಿಕ ಮಾದರಿಯ ಪ್ರತಿಪಾದಕ, ಅಮೆರಿಕದ ವೈದ್ಯ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಪದವಿ (1938) ಪಡೆದ ಈತನಿಗೆ ಮನಸ್ಸಿಗೂ ಕಾಯಿಲೆಗೂ ನಂಟು ಹಾಕುವ ಮಾತು ಮೊದಲು ಅಷ್ಟಾಗಿ ಹಿಡಿಸಿರಲಿಲ್ಲ. ಮನೋವೈದ್ಯ ಜಾನ್ ರೊಮಾನೊನ ಒಡನಾಟ ಆ ಬಿಗುವನ್ನು ಸಡಿಲಿಸಿತು. 1946ರಲ್ಲಿ ಇಬ್ಬರೂ ರಾಚೆಸ್ಟರ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ, ಹುಟ್ಟಿನಿಂದ ಅನ್ನನಾಳ ಸರಿಯಿಲ್ಲದೆ ಹೊಟ್ಟೆಗೆ ರಂಧ್ರ ಮಾಡಿಸಿಕೊಂಡಿದ್ದ ಹಸುಗೂಸೊಂದನ್ನು ಈತನ ತಂಡ ದೀರ್ಘಕಾಲ ಗಮನಿಸಿತು. ಪರಿಚಿತರೊಡನೆ ನಲಿದಾಗ ಮಗುವಿನ ಜಠರರಸ ಹೆಚ್ಚುತ್ತಿತ್ತು. ಅಪರಿಚಿತರೆದುರು ಮುದುಡಿದಾಗ ಇಳಿಯುತ್ತಿತ್ತು. ಸಿದ್ಧಾಂತಕ್ಕಿಂತ ಇಂಥ ನೇರ ಗಮನಿಕೆಯೇ ಎಂಗೆಲ್‌ನ ನಿಜವಾದ ಬಲ. 1977ರ 'ಸೈನ್ಸ್' ಪತ್ರಿಕೆಯ ಲೇಖನದಲ್ಲಿ, ದೇಹವನ್ನಷ್ಟೇ ಅಳೆಯುವ ವೈದ್ಯವಿಜ್ಞಾನ ಅರೆಬರೆಯೆಂದು ವಾದಿಸಿ ತನ್ನ ಮಾದರಿಯನ್ನು ಮುಂದಿಟ್ಟ. ಈ ಮಾದರಿ ತೀರ ಸಡಿಲ, ಏನನ್ನು ಯಾವಾಗ ಪರಿಗಣಿಸಬೇಕೆಂದು ಹೇಳುವುದಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ವೈದ್ಯಶಿಕ್ಷಣದಲ್ಲಿ, ಅದರಲ್ಲೂ ಕುಟುಂಬವೈದ್ಯ ಮತ್ತು ಮನೋವೈದ್ಯ ವಿಭಾಗಗಳಲ್ಲಿ, ಅದು ಬೇರೂರಿದೆ.