ಮುಚ್ಚಳಿಕೆಗೆ ಸಹಿ ಹಾಕದ ವಿದ್ಯಾರ್ಥಿ

ಈ ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ, ಪಠ್ಯದಲ್ಲಿಲ್ಲದ ಒಂದು ಪ್ರಸಂಗವನ್ನು ಮಕ್ಕಳಿಗೆ ಹೇಳುತ್ತಿದ್ದೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ರಹಸ್ಯ ಸಂಘಗಳಿದ್ದವು. ಆಣೆ, ಗುಟ್ಟಿನ ಸಭೆ, ಎದೆಯ ಮೇಲೊಂದು ಬಿಲ್ಲೆ. ತಮ್ಮ ಮಾತಿಗಿಂತ ಸಂಘದ ಮಾತೇ ಮೇಲಾಗುತ್ತದೆಂದು ಅಧ್ಯಾಪಕರಿಗೆ ಕಳವಳ. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯ ನಮ್ಮ ಶಾಲೆಯಂತೆ ಸರ್ಕಾರದ್ದು. ಅದರ ಅಧ್ಯಕ್ಷ ಎಮರ್ಸನ್ ವೈಟ್, ಸೇರಬಯಸುವವರು ಇಂಥ ಸಂಘದ ನಂಟು ಇಟ್ಟುಕೊಳ್ಳುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕೆಂದರು. ‘ಸಿಗ್ಮಾ ಕೈ’ ಎಂಬ ಸಂಘದ ಸದಸ್ಯ ಥಾಮಸ್ ಹಾಲಿ ಒಪ್ಪಲಿಲ್ಲ. ಪ್ರವೇಶ ಸಿಗಲಿಲ್ಲ. ವ್ಯಾಜ್ಯ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು.

1882ರಲ್ಲಿ ತೀರ್ಪು ಬಂತು: ಸಂಘದ ಸದಸ್ಯನೆಂಬ ಕಾರಣಕ್ಕೆ ಸರ್ಕಾರಿ ಕಾಲೇಜಿನ ಬಾಗಿಲು ಮುಚ್ಚುವಂತಿಲ್ಲ. ಆದರೆ ಒಳಗೆ ಬಂದ ಮೇಲೆ, ಓದು ಮುಗಿಯುವವರೆಗೆ ಸಂಘದ ಚಟುವಟಿಕೆ ಬಿಡು ಎನ್ನುವ ಅಧಿಕಾರ ಅಧ್ಯಾಪಕರಿಗುಂಟು.

ಹಾಲಿ ಗೆದ್ದನೆಂದು ಹಿಗ್ಗಿದ ಮಕ್ಕಳು ಎರಡನೆಯ ಮಾತಿಗೆ ಸಪ್ಪಗಾಗುತ್ತಿದ್ದರು. ನಾನು ಬೆತ್ತ ಹಿಡಿದ ಮೇಷ್ಟ್ರೇ. ಆದರೂ ನನಗೆ ಮೊದಲನೆಯದೇ ದೊಡ್ಡದು. ತೆರಿಗೆ ಹಣದಲ್ಲಿ ನಡೆಯುವ ಕಡೆ ಪ್ರವೇಶವೆಂಬುದು ಮೇಷ್ಟರ ಕೃಪೆಯಲ್ಲ.

ತೀರ್ಪಿನಿಂದ ಜಗಳ ಮುಗಿಯಲಿಲ್ಲ. ಈ ನಿಷೇಧ ತೆಗೆಯಬೇಕೆಂಬ ಒತ್ತಾಯ ಶಾಸನಸಭೆಯಲ್ಲಿ ಅನುದಾನದ ಮಸೂದೆಗೇ ತಳಕು ಹಾಕಿಕೊಂಡಿತು. 1883ರಲ್ಲಿ ವೈಟ್ ರಾಜೀನಾಮೆ ಕೊಟ್ಟರು.